ಹಿತ್ತಲಿನ ಈಜುಕೊಳ ಬೇಸಿಗೆಯಲ್ಲಿ ತಣ್ಣಗಾಗುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ದೂರು ಸಾಮಾನ್ಯವಾಗಿ ಒಂದೇ. ಬಿಸಿಲು ತಗ್ಗಿದ ಮೇಲೆ ಕೊಳಕ್ಕೆ ಇಳಿದರೆ ಹಾಯೆನಿಸುವುದಿಲ್ಲ. ನೀರು 33 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ನಾಲ್ಕು ಸುತ್ತು ಈಜಿದರೆ ಸುಸ್ತು. ಸ್ಪರ್ಧೆಯ ಕೊಳಗಳಲ್ಲಿ ನೀರನ್ನು 25ರಿಂದ 28 ಡಿಗ್ರಿಯೊಳಗೆ ಇಡುತ್ತಾರೆ. ಮನೆಯವರು ಸುಮ್ನೆ ಆಡುವ ಕೊಳ 29ರವರೆಗೆ ಇದ್ದರೂ ಚೆನ್ನಾಗಿಯೇ ಇರುತ್ತದೆ. 32 ದಾಟಿತೆಂದರೆ ಅದನ್ನು ದೋಷ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈ ಹಂತದಲ್ಲಿ ಜನ ಕಾರಂಜಿ ಕೊಳ್ಳುತ್ತಾರೆ, ಮಂಜುಗಡ್ಡೆ ಸುರಿಯುತ್ತಾರೆ, ಇಲ್ಲವೇ ನೇರವಾಗಿ ಚಿಲ್ಲರ್ (ಕೊಳದ ನೀರು ತಣಿಸುವ ಯಂತ್ರ) ಬೆಲೆ ವಿಚಾರಿಸುತ್ತಾರೆ. ಇದ್ಯಾವುದೂ ಮೊದಲ ಹೆಜ್ಜೆ ಅಲ್ಲ. ಬಿಸಿ ಜಾಸ್ತಿ ಒಳಗೆ ಬರುತ್ತಿದೆಯೇ, ಅಥವಾ ಬಂದ ಬಿಸಿ ಹೊರಗೆ ಹೋಗುತ್ತಿಲ್ಲವೇ ಅನ್ನುವುದನ್ನು ಮೊದಲು ಬೇರ್ಪಡಿಸಬೇಕು. ಎರಡಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡು ಹೋಗುತ್ತದೆ, ನೀರು ಮಾತ್ರ ಹಾಗೇ ಇರುತ್ತದೆ.

ಥರ್ಮಾಮೀಟರ್ ಸರಿ ಇದೆಯೇ?

ಒಂದು ಲೋಟದ ತುಂಬ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಮೇಲೆ ಸ್ವಲ್ಪ ನೀರು ಹೊಯ್ದು ಕಲಕಿ. ಐದು ನಿಮಿಷ ಬಿಟ್ಟು ಥರ್ಮಾಮೀಟರ್ ಅದ್ದಿ. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಆಚೀಚೆ ಇದ್ದರೆ ಆ ವ್ಯತ್ಯಾಸವನ್ನು ಪ್ರತಿ ಸಲ ಕಳೆದೋ ಕೂಡಿಸಿಯೋ ಓದಿ. ಎರಡು ಮೂರು ಡಿಗ್ರಿ ತಪ್ಪು ತೋರಿಸುವ ತೇಲುವ ಥರ್ಮಾಮೀಟರ್ ಇದ್ದರೆ ಬದಿಗಿಡಿ. ಹೀಟರ್ ಪರದೆಯ ಮೇಲೆ ಕಾಣುವ ಅಂಕಿಯನ್ನೂ ನಂಬಬೇಡಿ. ಅದು ಪೈಪಿನೊಳಗಿನ ಸೆನ್ಸರ್ ಹೇಳುವ ಮಾತು. ಪಂಪು ನಿಂತಿದ್ದಾಗ ಅದು ಪೈಪಿನಲ್ಲಿ ಬಿಸಿಲಿಗೆ ಕಾದು ನಿಂತ ನೀರಿನ ಬಿಸಿಯನ್ನಷ್ಟೇ ಹೇಳುತ್ತದೆ.

ಅಳೆಯುವ ಜಾಗವೂ ಮುಖ್ಯ. ಮೇಲ್ಪದರದ ನೀರು ಕೆಳಗಿನದಕ್ಕಿಂತ ಬಿಸಿ ಇರುತ್ತದೆ. ಪಂಪನ್ನು ಅರ್ಧ ಗಂಟೆ ಓಡಿಸಿ ನೀರು ಬೆರೆತ ಮೇಲೆ, ಮೊಣಕೈ ಮುಳುಗುವಷ್ಟು ಆಳದಲ್ಲಿ ಅಳೆಯಿರಿ. ದಿನವೂ ಅದೇ ಜಾಗ, ಅದೇ ಥರ್ಮಾಮೀಟರ್.

ಬೇಕಾದದ್ದು ಮೂರು ಅಂಕಿ

ಮೊದಲನೆಯದು, ಸೂರ್ಯ ಹುಟ್ಟುವ ಮುಂಚೆ ಕೊಳದ ನೀರಿನ ತಾಪ. ಎರಡನೆಯದು, ಸಂಜೆ ಬಿಸಿಲು ಕೊಳದಿಂದ ಸರಿದ ಕೂಡಲೇ ಅದೇ ನೀರಿನ ತಾಪ.

ಮೂರನೆಯದನ್ನು ಹೆಚ್ಚಿನವರು ಅಳೆಯುವುದೇ ಇಲ್ಲ, ಅರ್ಧ ಉತ್ತರ ಇರುವುದು ಮಾತ್ರ ಅದರಲ್ಲೇ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ, ಬೆಳಗಿನ ಜಾವ ಕೊಳದ ಪಕ್ಕದ ನೆರಳಿನಲ್ಲಿ ಹಿಡಿದು ಬೀಸಣಿಗೆಯಿಂದ ಎರಡು ಮೂರು ನಿಮಿಷ ಜೋರಾಗಿ ಗಾಳಿ ಹಾಕಿ. ಅಂಕಿ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದನ್ನು ಇಲ್ಲಿ ಒದ್ದೆ ತಾಪ ಎಂದು ಕರೆಯೋಣ. ಬೆವರು ಆರಿದಾಗ ಮೈ ತಣ್ಣಗಾಗುತ್ತದಲ್ಲ, ಕೊಳವೂ ಹಾಗೆಯೇ ನೀರು ಆವಿಯಾದಾಗ ತಣ್ಣಗಾಗುತ್ತದೆ. ಆವಿ ಎಷ್ಟೇ ಆಗಲಿ, ನೀರು ಒದ್ದೆ ತಾಪಕ್ಕಿಂತ ಕೆಳಗೆ ಇಳಿಯದು. ಗಾಳಿ 35 ಡಿಗ್ರಿ ಇದ್ದು ತೇವಾಂಶ ಶೇಕಡಾ 30 ಇದ್ದರೆ ಒದ್ದೆ ತಾಪ ಸುಮಾರು 22. ಗಾಳಿ 32 ಡಿಗ್ರಿಯೇ ಇದ್ದು ತೇವಾಂಶ ಶೇಕಡಾ 80 ಆದರೆ ಅದು ಸುಮಾರು 29. ಎರಡನೆಯ ಊರಿನವರಿಗೆ ಮೊದಲನೆಯ ಊರಿನವರ ಕಾರಂಜಿ ಯಾಕೆ ಕೆಲಸ ಮಾಡುವುದಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಮೂರು ನಾಲ್ಕು ದಿನ ಈ ಅಂಕಿಗಳನ್ನು ಬರೆದಿಡಿ. ಒಂದೇ ದಿನದ ಅಂಕಿ ಸಾಲದು. ಮೋಡ, ಗಾಳಿ ಎಲ್ಲವೂ ಅದನ್ನು ಕದಲಿಸುತ್ತವೆ.

ಅಂಕಿಗಳನ್ನು ಓದುವುದು ಹೇಗೆ

ಸಂಜೆಯ ಅಂಕಿಯಿಂದ ಬೆಳಗಿನ ಅಂಕಿ ಕಳೆಯಿರಿ. ಅದು ಏರಿಳಿತ. ಒಳಗೆ ಎಷ್ಟು ಬಿಸಿ ಬರುತ್ತಿದೆ ಅನ್ನುವುದರ ಅಳತೆ ಅದು. ತಿಳಿ ಬಣ್ಣದ, 1.5 ಮೀಟರ್ ಆಳದ, ಪೂರ್ತಿ ಬಿಸಿಲಿಗೆ ಬಿದ್ದ ಕೊಳದಲ್ಲಿ ಒಂದೂವರೆಯಿಂದ ಎರಡೂವರೆ ಡಿಗ್ರಿ ಏರಿಳಿತ ಸಹಜ. ಆಳ ಕಡಿಮೆಯಾದಂತೆ ಇದು ಜಾಸ್ತಿಯಾಗುತ್ತದೆ. ಒಂದು ಮೀಟರ್ ಆಳದ ಕೊಳದಲ್ಲಿ ಒಂದೂವರೆ ಪಟ್ಟು. ಮಕ್ಕಳ ಒಂದಡಿ ಆಳದ ತೊಟ್ಟಿ ಮಧ್ಯಾಹ್ನಕ್ಕೆ ಕುದಿಯುವಂತಾದರೆ ಅದು ದೋಷವೇ ಅಲ್ಲ.

ಆಮೇಲೆ ಬೆಳಗಿನ ನೀರಿನ ತಾಪದಿಂದ ಒದ್ದೆ ತಾಪ ಕಳೆಯಿರಿ. ಇದು ಅಂತರ. ಬಂದ ಬಿಸಿಗೆ ಹೊರಗೆ ಹೋಗಲು ಎಷ್ಟು ಕಷ್ಟವಾಗುತ್ತಿದೆ ಅನ್ನುವುದರ ಅಂದಾಜು ಇದು. ನಾಲ್ಕೈದು ಡಿಗ್ರಿಯೊಳಗಿದ್ದರೆ ಕೊಳ ತನ್ನ ಕೈಲಾದಷ್ಟು ತಣ್ಣಗಾಗುತ್ತಿದೆ. ಎಂಟು ಡಿಗ್ರಿ ದಾಟಿದರೆ ಏನೋ ಅಡ್ಡ ಕೂತಿದೆ.

ಇಲ್ಲಿ ಒಂದು ಗೊಂದಲ ಆಗುವುದುಂಟು. ‘ರಾತ್ರಿ ಎರಡು ಡಿಗ್ರಿ ಇಳಿಯುತ್ತಿದೆಯಲ್ಲ, ಹಾಗಾದರೆ ತಣ್ಣಗಾಗುವ ದಾರಿ ಸರಿ ಇದೆ’ ಅಂದುಕೊಳ್ಳುತ್ತಾರೆ. ಹಾಗಲ್ಲ. ಹವೆ ಒಂದೇ ರೀತಿ ಇದ್ದ ದಿನಗಳಲ್ಲಿ ಹಗಲು ಏರಿದಷ್ಟೇ ರಾತ್ರಿ ಇಳಿಯಲೇಬೇಕು, ಇಲ್ಲದಿದ್ದರೆ ನೀರು ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತಿತ್ತು. ಬಿಸಿ ಹೊರಗೆ ಹೋಗಲು ಕಷ್ಟವಾದ ಕೊಳ ತಾನೇ ಮೇಲಕ್ಕೇರಿ, 34 ಡಿಗ್ರಿಯಲ್ಲಿ ನಿಂತು, ಅಲ್ಲಿಂದ ಎರಡು ಡಿಗ್ರಿ ಇಳಿಯುತ್ತದೆ. ಸರಿ ಇರುವ ಕೊಳ 28ರಿಂದ ಎರಡು ಡಿಗ್ರಿ ಇಳಿಯುತ್ತದೆ. ಇಳಿಕೆ ಎರಡರಲ್ಲೂ ಒಂದೇ. ಅದಕ್ಕೇ ಒದ್ದೆ ತಾಪ ಬೇಕೇ ಬೇಕು.

ಏರಿಳಿತ ಮೂರು ಡಿಗ್ರಿ ದಾಟಿದರೆ

ಒಳಗೆ ಬರುವ ಬಿಸಿ ಜಾಸ್ತಿ. ಬಿಸಿಲೇ ದೊಡ್ಡ ಮೂಲ, ನಿಜ. ಆದರೆ ಬರೀ ಬಿಸಿಲಿನಿಂದ ಒಂದೂವರೆ ಮೀಟರ್ ಆಳದ ಕೊಳ ಇಷ್ಟು ಏರುವುದು ಅಪರೂಪ. ಹಾಗಾಗಿ ನೆರಳಿನ ಯೋಚನೆಗೆ ಮುಂಚೆ ಯಂತ್ರಗಳ ಕಡೆ ನೋಡಿ.

ಹೀಟರ್ ಅಥವಾ ಹೀಟ್ ಪಂಪ್ ಇದ್ದರೆ ಅದನ್ನು ಪರದೆಯ ಗುಂಡಿಯಿಂದಲ್ಲ, ಮೇನ್ ಸ್ವಿಚ್‌ನಲ್ಲೇ ಆಫ್ ಮಾಡಿ ಎರಡು ದಿನ ಬಿಡಿ. ಗುಂಡಿ ಒತ್ತಿ ಆಫ್ ಮಾಡಿದ ಹೀಟರ್ ಒಳಗಿನ ರಿಲೇ (ಕರೆಂಟ್ ಹರಿಸುವ, ನಿಲ್ಲಿಸುವ ಸ್ವಿಚ್) ಅಂಟಿಕೊಂಡು ಕಾಯಿಸುತ್ತಲೇ ಇರಬಹುದು. ಸ್ವಿಚ್ ಮುಟ್ಟುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಬಹುದು. ಒಂದೇ ಥರ್ಮಾಮೀಟರಿನಿಂದ ಸ್ಕಿಮ್ಮರ್ (ಕೊಳದ ನೀರು ಪಂಪಿಗೆ ಹೋಗುವ ಬಾಯಿ) ಹತ್ತಿರದ ನೀರನ್ನೂ, ಪಂಪಿನ ನೀರು ಕೊಳಕ್ಕೆ ಮರಳುವ ಬಾಯಿ, ಅಂದರೆ ರಿಟರ್ನ್ ಜೆಟ್‌ನಿಂದ ಬರುವ ನೀರನ್ನೂ ಅಳೆಯಿರಿ. ಗಂಟೆಗೆ 12,000 ಲೀಟರ್ ಹರಿಯುವಾಗ 12 ಕಿಲೋವ್ಯಾಟ್ ಹೀಟರ್ ನೀರನ್ನು ಒಂದು ಡಿಗ್ರಿಗಿಂತ ಸ್ವಲ್ಪ ಕಡಿಮೆಯಷ್ಟೇ ಏರಿಸುತ್ತದೆ. ಕೈಗೆ ಗೊತ್ತಾಗುವುದಿಲ್ಲ. ದಶಮಾಂಶ ತೋರಿಸುವ ಥರ್ಮಾಮೀಟರ್ ಬೇಕು. ಜೆಟ್ ನೀರು ಅರ್ಧ ಡಿಗ್ರಿಗಿಂತ ಜಾಸ್ತಿ ಬಿಸಿ ಇದ್ದರೆ ದಾರಿಯಲ್ಲಿ ಯಾವುದೋ ಕಾಯಿಸುತ್ತಿದೆ ಎಂದರ್ಥ. ರಾತ್ರಿಯೂ ಹಾಗೆಯೇ ಇದ್ದರೆ ಹೀಟರೇ.

ಬಿಸಿ, ತಣ್ಣಗೆ ಎರಡೂ ಮಾಡುವ ಹೀಟ್ ಪಂಪ್‌ಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಫ್ಯಾನಿನಿಂದ ಹೊರಬರುವ ಗಾಳಿಗೆ ಕೈ ಹಿಡಿಯಿರಿ. ನೀರನ್ನು ತಣ್ಣಗೆ ಮಾಡುತ್ತಿದ್ದರೆ ಗಾಳಿ ಬಿಸಿ ಇರಬೇಕು. ಗಾಳಿ ತಣ್ಣಗಿದ್ದರೆ ಯಂತ್ರ ಹೊರಗಿನ ಗಾಳಿಯಿಂದ ಬಿಸಿ ಹೀರಿ ನಿಮ್ಮ ಕೊಳಕ್ಕೆ ತುಂಬುತ್ತಿದೆ. ಪರದೆಯ ಮೇಲೆ ‘ಕೂಲ್’ ಅಂತ ಬರೆದಿದ್ದರೂ ಸರಿಯೇ. ಒಳಗಿನ ದಿಕ್ಕು ಬದಲಿಸುವ ವಾಲ್ವ್ ಸಿಕ್ಕಿಹಾಕಿಕೊಂಡರೆ ಹೀಗೆ ಆಗುತ್ತದೆ. ಅದು ಮನೆಯಲ್ಲಿ ಬಿಚ್ಚುವ ಕೆಲಸ ಅಲ್ಲ, ಮೆಕ್ಯಾನಿಕ್ ಬರಲಿ.

ಚಾವಣಿಯ ಮೇಲೆ ಪೂಲ್ ಕಾಯಿಸುವ ಸೋಲಾರ್ ಪ್ಯಾನೆಲ್ ಇದ್ದರೆ ನನ್ನ ಮೊದಲ ಅನುಮಾನ ಅದರ ವಾಲ್ವ್ ಮೇಲೆಯೇ. ಚಳಿಗಾಲದಲ್ಲಿ ನೀರನ್ನು ಪ್ಯಾನೆಲ್‌ಗೆ ಹತ್ತಿಸುವ ಮೋಟಾರ್ ವಾಲ್ವ್, ಬೇಸಿಗೆಯಲ್ಲಿ ಅದನ್ನು ಬಿಟ್ಟು ನೇರ ಕಳಿಸಬೇಕು. ಸೆನ್ಸರ್ ಕೆಟ್ಟರೆ, ವೈರ್ ಬಿಸಿಲಿಗೆ ಒಡೆದರೆ, ಅಥವಾ ಯಾರೋ ಸೆಟ್ಟಿಂಗ್ ಅನ್ನು 34ಕ್ಕೆ ಇಟ್ಟು ಮರೆತರೆ, ಅದು ಭರ್ತಿ ಬೇಸಿಗೆಯಲ್ಲೂ ನೀರನ್ನು ಮೇಲಕ್ಕೆ ಹತ್ತಿಸುತ್ತದೆ. ಮಧ್ಯಾಹ್ನ ಪಂಪು ಓಡುವಾಗ ಚಾವಣಿಯಿಂದ ಇಳಿಯುವ ಪೈಪ್ ಮುಟ್ಟಿ ನೋಡಿ. ಒಳಗೆ ನೀರು ಹರಿಯುವ ಅದುರು ಕೈಗೆ ಸಿಕ್ಕರೆ ಪ್ಯಾನೆಲ್ ಕೆಲಸ ಮಾಡುತ್ತಿದೆ. ವಾಲ್ವಿನ ಮೋಟಾರನ್ನು ಕಳಚಿ ಕೈಯಿಂದ ತಿರುಗಿಸಿ ಬೈಪಾಸ್‌ಗೆ ಇಡಿ, ಎರಡು ದಿನ ಅಂಕಿ ನೋಡಿ.

ಕಪ್ಪು ಪೈಪುಗಳು ಬಿಸಿಲಲ್ಲಿ ಬಿದ್ದಿದ್ದರೆ ಅವೂ ಸಣ್ಣ ಸೋಲಾರ್ ಪ್ಯಾನೆಲ್ಲೇ. ಆದರೆ ಐದಾರು ಮೀಟರ್ ಪೈಪಿನಿಂದ ದೊಡ್ಡ ವ್ಯತ್ಯಾಸ ಆಗದು. ಪಂಪಿನ ಮೇಲೂ ಗೂಬೆ ಕೂರಿಸಬೇಡಿ. ಒಂದು ಅಶ್ವಶಕ್ತಿಯ ಪಂಪು ಎಂಟು ಗಂಟೆ ಓಡಿದರೆ ಬಳಸುವುದೇ ಆರೇಳು ಯೂನಿಟ್ ಕರೆಂಟು. ಅದೆಲ್ಲವೂ ನೀರಿಗೇ ಸೇರಿತು ಅಂದುಕೊಂಡರೂ 48,000 ಲೀಟರಿನ ಕೊಳ ಏರುವುದು ಡಿಗ್ರಿಯ ಹತ್ತನೇ ಒಂದು ಭಾಗ ಅಷ್ಟೇ.

ಈಗ ಹೊದಿಕೆ. ಗುಳ್ಳೆಗುಳ್ಳೆಯ ನೀಲಿ ಪ್ಲಾಸ್ಟಿಕ್ ಕವರ್ ಇದೆಯಲ್ಲ, ಅದನ್ನು ಮಾಡಿರುವುದೇ ನೀರು ಬಿಸಿಯಾಗಲಿ ಅಂತ. ಬಿಸಿಲನ್ನು ಒಳಗೆ ಬಿಡುತ್ತದೆ, ಆವಿಯನ್ನು ಹೊರಗೆ ಬಿಡುವುದಿಲ್ಲ. ‘ನೀರು ಆರಿಹೋಗಬಾರದು’ ಅಂತ ಬೇಸಿಗೆಯಲ್ಲೂ ಅದನ್ನೇ ಹಾಸುವವರು ಬಹಳ ಜನ. ಸುತ್ತಿ ಒಳಗಿಡಿ. ಬೇಕಿದ್ದರೆ ಬಿಸಿಲು ದಾಟದ ಬಿಳಿ ಅಥವಾ ಬೆಳ್ಳಿ ಬಣ್ಣದ ಹೊದಿಕೆಯನ್ನು ಹಗಲು ಹಾಸಿ, ಸಂಜೆ ಪೂರ್ತಿ ತೆಗೆಯಿರಿ. ಅರ್ಧ ತೆಗೆದು ಅರ್ಧ ಬಿಟ್ಟ ಕೊಳದಲ್ಲಿ ಯಾರೂ ಇಳಿಯಬಾರದು. ಮಗು ಕವರಿನ ಕೆಳಗೆ ಸಿಕ್ಕಿಕೊಂಡರೆ ಮೇಲಿನಿಂದ ಕಾಣುವುದೇ ಇಲ್ಲ.

ಇಷ್ಟೆಲ್ಲ ಸರಿ ಇದ್ದು ಏರಿಳಿತ ಆಗಲೂ ಜಾಸ್ತಿ ಇದ್ದರೆ ಕೊಳದ ತಳದ ಬಣ್ಣ ನೋಡಿ. ಕಡು ನೀಲಿ, ಕಪ್ಪು, ಬೂದು ತಳ ತನ್ನವರೆಗೆ ಬಂದ ಬೆಳಕನ್ನು ನುಂಗುತ್ತದೆ. ಬಿಳಿ ತಳ ಸ್ವಲ್ಪವನ್ನು ವಾಪಸ್ ಕಳಿಸುತ್ತದೆ. ಹಾಗಂತ ತಳಕ್ಕೆ ಬಿಳಿ ಬಳಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಭಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಅದು ತಳ ಮುಟ್ಟುವ ಮುಂಚೆಯೇ ನೀರಿನಲ್ಲಿ ಇಂಗಿಹೋಗುತ್ತದೆ. ಬಣ್ಣ ಬದಲಿಸುವ ಖರ್ಚನ್ನು ನೆರಳಿಗೆ ಹಾಕುವುದೇ ಮೇಲು.

ಅಂತರ ಎಂಟು ಡಿಗ್ರಿ ದಾಟಿದರೆ

ಒಳ್ಳೆಯ ಸುದ್ದಿ. ನೀರು ಇನ್ನೂ ಕೆಳಗೆ ಇಳಿಯಲು ಜಾಗ ಇದೆ, ಅದೂ ಹೆಚ್ಚು ಖರ್ಚಿಲ್ಲದೆ. ಆವಿಯ ದಾರಿಗೆ ಏನು ಅಡ್ಡ ಬಂದಿದೆ ಅಂತ ಹುಡುಕಿದರೆ ಸಾಕು.

ಆವಿಯ ಶಕ್ತಿ ಎಷ್ಟು ಅನ್ನುವುದಕ್ಕೆ ಒಂದು ಲೆಕ್ಕ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರು ಹಿಡಿಯುತ್ತದೆ. ಅದನ್ನು ಒಂದು ಡಿಗ್ರಿ ಇಳಿಸಲು ಸುಮಾರು 56 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ) ಶಾಖ ಹೊರಗೆ ಹೋಗಬೇಕು. 83 ಲೀಟರ್ ನೀರು ಆವಿಯಾದರೆ ಆ ಕೆಲಸ ಮುಗಿಯಿತು. ಕೊಳದ ಮಟ್ಟದಲ್ಲಿ ಅದು ಎರಡೂವರೆ ಮಿಲಿಮೀಟರ್ ಚಿಲ್ಲರೆ. ಅದೇ ಒಂದು ಡಿಗ್ರಿಯನ್ನು ಮಂಜುಗಡ್ಡೆಯಿಂದ ಇಳಿಸಲು ಹತ್ತಿರಹತ್ತಿರ 450 ಕಿಲೋ ಮಂಜುಗಡ್ಡೆ ಬೇಕು. ಎರಡು ಚೀಲ ತಂದು ಸುರಿದವರಿಗೆ ಯಾಕೆ ಏನೂ ಗೊತ್ತಾಗಲಿಲ್ಲ ಅಂತ ಈಗ ತಿಳಿಯಿತಲ್ಲ.

ಹಾಗಾದರೆ ಆವಿಗೆ ಅಡ್ಡ ಯಾವುದು? ರಾತ್ರಿ ಹಾಸಿದ ಹೊದಿಕೆ ಮೊದಲನೆಯದು. ಹಗಲು ಹಾಸಿ ರಾತ್ರಿ ತೆಗೆಯುವ ಬದಲು, ಹಗಲು ಈಜಿ ರಾತ್ರಿ ಮುಚ್ಚುವ ಅಭ್ಯಾಸ ಹಲವರಿಗೆ. ತಣ್ಣಗಾಗುವ ಹೊತ್ತಿನಲ್ಲೇ ಬಾಗಿಲು ಹಾಕಿದ ಹಾಗಾಯಿತು ಅಲ್ವಾ? ಮಕ್ಕಳ ಭಯಕ್ಕೆ ಮುಚ್ಚುತ್ತಿದ್ದರೆ ಅದು ನ್ಯಾಯವೇ. ಆಗ ಗಟ್ಟಿ ಪ್ಲಾಸ್ಟಿಕ್ ಬದಲು ಗಾಳಿ ಆಡುವ ಸುರಕ್ಷತಾ ಬಲೆ ಹಾಕಿಸಿ, ಕೊಳದ ಸುತ್ತ ಬೇಲಿ ಇರಲಿ.

ಎರಡನೆಯದು ಗಾಳಿ. ನಾಲ್ಕೂ ಕಡೆ ಎತ್ತರದ ಗೋಡೆ, ದಟ್ಟ ಗಿಡದ ಬೇಲಿ ಇದ್ದರೆ ನೀರಿನ ಮೇಲೆ ತೇವದ ಗಾಳಿ ಅಲ್ಲೇ ಕುಳಿತುಬಿಡುತ್ತದೆ. ಸಂಜೆ ಗಾಳಿ ಬೀಸುವಾಗ ನೀರಿನ ಮೇಲೆ ಒಂದು ಒಣ ಎಲೆ ಬಿಡಿ. ಅದು ಕದಲದೆ ನಿಂತಿದ್ದರೆ ಗಾಳಿ ತಲುಪುತ್ತಿಲ್ಲ. ಬೇಲಿಯ ಕೆಳಭಾಗ ಸವರುವುದು ಅಥವಾ ಗಾಳಿಯ ದಿಕ್ಕಿನಲ್ಲಿ ಒಂದು ಕಿಂಡಿ ಬಿಡಿಸುವುದು ಇದಕ್ಕೆ ಪರಿಹಾರ.

ಮೂರನೆಯದು ನೀರೇ ಅಲುಗಾಡದೆ ಇರುವುದು. ರಿಟರ್ನ್ ಜೆಟ್‌ನ ಕಣ್ಣನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕುಣಿಯುವಂತೆ ಮಾಡಿ. ಇದಕ್ಕೆ ಕಾಸೂ ಖರ್ಚಿಲ್ಲ. ಪಂಪಿನ ಟೈಮರ್ ಅನ್ನು ಹಗಲಿನಿಂದ ರಾತ್ರಿಗೆ ತಳ್ಳಿ. ಹಗಲು ಒಂದೆರಡು ಗಂಟೆ ಓಡಲಿ, ಕ್ಲೋರಿನ್ ಬೆರೆಯಬೇಕಲ್ಲ. ಉಳಿದದ್ದು ನಡುರಾತ್ರಿಯಿಂದ ಬೆಳಗಿನವರೆಗೆ. ಆಗ ಒದ್ದೆ ತಾಪವೂ ಕೆಳಗಿರುತ್ತದೆ, ನೆತ್ತಿಯ ಮೇಲೆ ಬಿಸಿಲೂ ಇರುವುದಿಲ್ಲ.

ಇಷ್ಟಾದ ಮೇಲೆ ಕಾರಂಜಿ. ರಿಟರ್ನ್ ಪೈಪಿಗೆ ತಿರುಪಿ ಹಾಕುವ ಸಾಮಾನ್ಯ ಕಾರಂಜಿಯೇ ಸಾಕು. ಹನಿಗಳು ಸಣ್ಣದಾಗಿ, ಗಾಳಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಒಳ್ಳೆಯದು. ರಾತ್ರಿ ಓಡಿಸಿ. ಕಾರಂಜಿ ಕೆಲಸ ಮಾಡುತ್ತಿದೆಯೇ ಅನ್ನುವುದಕ್ಕೂ ಪರೀಕ್ಷೆ ಇದೆ. ಬೀಳುವ ಹನಿಗಳನ್ನು ಒಂದು ಮಗ್ಗಿನಲ್ಲಿ ಹಿಡಿದು ಕೂಡಲೇ ಅಳೆಯಿರಿ. ಕೊಳದ ನೀರಿಗಿಂತ ಮಗ್ಗಿನ ನೀರು ಒಂದು ಡಿಗ್ರಿಯಾದರೂ ತಣ್ಣಗಿರಬೇಕು. ವ್ಯತ್ಯಾಸವೇ ಇಲ್ಲದಿದ್ದರೆ ಧಾರೆ ತುಂಬಾ ದಪ್ಪ, ಅಥವಾ ಗಾಳಿಯಲ್ಲಿ ತೇವ ತುಂಬಿದೆ. ನೀರೊಳಗೆ ಮುಳುಗಿಸುವ ಕರೆಂಟಿನ ಕಾರಂಜಿ ಆದರೆ 12 ವೋಲ್ಟಿನದೇ ಇರಲಿ, ಕರೆಂಟ್ ಸೋರಿಕೆ ಕಂಡ ಕೂಡಲೇ ಟ್ರಿಪ್ ಆಗುವ ಬ್ರೇಕರ್ ಹಿಂದೆ ಇರಲಿ.

ಸೋಲಾರ್ ಪ್ಯಾನೆಲ್ ಇರುವವರಿಗೆ ಒಂದು ಬೋನಸ್. ಹಗಲು ಕಾಟ ಕೊಟ್ಟ ಅದೇ ಪ್ಯಾನೆಲ್‌ಗೆ ರಾತ್ರಿ ನೀರು ಹತ್ತಿಸಿದರೆ, ತಿಳಿ ಆಕಾಶದ ಕೆಳಗೆ ಅದು ಬಿಸಿಯನ್ನು ಹೊರಗೆ ಸೂಸಿ ನೀರನ್ನು ತಂಪು ಮಾಡುತ್ತದೆ. ಕೆಲವು ಕಂಟ್ರೋಲರುಗಳಲ್ಲಿ ಇದಕ್ಕೆಂದೇ ಸೆಟ್ಟಿಂಗ್ ಇದೆ. ಮೋಡ ಕವಿದ ರಾತ್ರಿ ಪ್ರಯೋಜನ ಕಡಿಮೆ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ, ನಾಲ್ಕೈದು ದಿನ ಕಾಯಿರಿ. ಇಷ್ಟು ನೀರು ಹೊಸ ಸ್ಥಿತಿಗೆ ಒಗ್ಗಲು ಅಷ್ಟು ಹೊತ್ತು ಬೇಕು. ಇವತ್ತು ಕಾರಂಜಿ ಹಾಕಿ ನಾಳೆ ‘ಉಪಯೋಗ ಇಲ್ಲ’ ಅಂತ ಕಿತ್ತು ಹಾಕಿದವರಿಗೆ ಅದು ಕೆಲಸ ಮಾಡುತ್ತಿತ್ತೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಅಂತರ ಕಡಿಮೆ, ಏರಿಳಿತವೂ ಸಹಜ, ಆದರೂ ನೀರು ಬಿಸಿ

ತೇವದ ಹವೆಯ ಊರುಗಳ ಪಾಡು ಇದು. ಒದ್ದೆ ತಾಪವೇ 27 ಇರುವಲ್ಲಿ ಬೆಳಗಿನ ನೀರು 31 ಇದ್ದರೆ ಕೊಳದ ತಪ್ಪೇನೂ ಇಲ್ಲ. ಇಲ್ಲಿ ಕಾರಂಜಿಗೆ ದುಡ್ಡು ಹಾಕಬೇಡಿ. ಒಳಗೆ ಬರುವ ಬಿಸಿಲನ್ನು ಕಡಿಮೆ ಮಾಡುವುದೊಂದೇ ಅಗ್ಗದ ದಾರಿ.

ಬೇಸಿಗೆಯ ಒಳ್ಳೆ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಆರೇಳು ಯೂನಿಟ್ ಶಕ್ತಿ ಬೀಳುತ್ತದೆ. ಅದರಲ್ಲಿ ಐದರಷ್ಟು ನೀರಿನಲ್ಲಿ ಉಳಿಯಿತು ಅಂದುಕೊಳ್ಳಿ. ನಮ್ಮ ಲೆಕ್ಕದ ಕೊಳದ ಮೇಲ್ಮೈ 32 ಚದರ ಮೀಟರ್. ಅಂದರೆ ದಿನಕ್ಕೆ ಸುಮಾರು 160 ಯೂನಿಟ್. ಅರ್ಧ ಕೊಳಕ್ಕೆ ನೆರಳು ಮಾಡಿದರೆ 80 ಯೂನಿಟ್ ಉಳಿಯಿತು, ಪ್ರತಿದಿನ, ಕರೆಂಟ್ ಇಲ್ಲದೆ. ಯಾವ ಯಂತ್ರವೂ ಇದಕ್ಕೆ ಸಾಟಿ ಇಲ್ಲ.

ನೆರಳು ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಹತ್ತಿರ ಇರುತ್ತಾನೆ. ಪಕ್ಕದ ಗೋಡೆ, ಬದಿಯ ಮರ ಆ ಹೊತ್ತಿಗೆ ಕೊಳಕ್ಕೆ ನೆರಳು ಕೊಡುವುದಿಲ್ಲ. ದಿನದ ಬಿಸಿಲಿನ ಬಹುಪಾಲು ಬೀಳುವುದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ನಾಲ್ಕರ ನಡುವೆ. ಹಾಗಾಗಿ ಮೇಲಿನಿಂದಲೇ ಮುಚ್ಚುವ ಶೇಡ್ ನೆಟ್ ಅಥವಾ ಬಿಗಿದು ಕಟ್ಟುವ ನೆರಳು ಬಟ್ಟೆ ಬೇಕು. ಕಟ್ಟುವ ಮುಂಚೆ ಒಂದು ದಿನ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಗೆ ಕೊಳದ ಫೋಟೋ ತೆಗೆದು ನೋಡಿ. ಬಟ್ಟೆಯನ್ನು ನೀರಿನಿಂದ ಎರಡೂವರೆ ಮೀಟರಾದರೂ ಎತ್ತರದಲ್ಲಿ ಕಟ್ಟಿ. ತಗ್ಗಿನಲ್ಲಿ ಕಟ್ಟಿದರೆ ಗಾಳಿ ನಿಂತುಹೋಗಿ ಒಂದು ಕಡೆಯ ಲಾಭ ಇನ್ನೊಂದು ಕಡೆ ಸೋರುತ್ತದೆ. ಸಂಜೆ ಮಡಚಿಡುವಂತಿದ್ದರೆ ಇನ್ನೂ ಒಳ್ಳೆಯದು, ರಾತ್ರಿ ನೀರಿಗೆ ಆಕಾಶ ಕಾಣಬೇಕು. ಮರ ನೆಡುವವರು ನೆಡಲಿ. ಎಲೆ ಗುಡಿಸುವ ಕೆಲಸ, ಬೇರಿನ ಕಾಟ ಎರಡನ್ನೂ ಲೆಕ್ಕಕ್ಕೆ ಹಿಡಿದೇ ನೆಡಲಿ.

ಮಟ್ಟ ಇಳಿಯುತ್ತಿದೆ: ಆವಿಯೋ, ಸೋರಿಕೆಯೋ?

ಕಾರಂಜಿ ಹಾಕಿದ ಮೇಲೆ ಈ ಅನುಮಾನ ಬಂದೇ ಬರುತ್ತದೆ. ಒಂದು ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಿ. ಬಕೆಟ್ ಒಳಗಿನ ಮಟ್ಟಕ್ಕೂ ಹೊರಗಿನ ಕೊಳದ ಮಟ್ಟಕ್ಕೂ ಗುರುತು ಹಾಕಿ. ಕಾರಂಜಿ ಆಫ್ ಮಾಡಿ 24 ಗಂಟೆ ಬಿಡಿ. ಎರಡೂ ಒಂದೇ ಅಳತೆ ಇಳಿದರೆ ಆವಿ. ಕೊಳ ಜಾಸ್ತಿ ಇಳಿದಿದ್ದರೆ ಸೋರಿಕೆ.

ಬಿಸಿ ನೀರು ತರುವ ಇನ್ನೊಂದು ತಲೆನೋವು

ನೀರು ತಣ್ಣಗಾಗುವವರೆಗೆ ಕ್ಲೋರಿನ್ ಕಡೆ ಕಣ್ಣಿರಲಿ. ಬಿಸಿ ನೀರಿನಲ್ಲಿ ಪಾಚಿ ಬೇಗ ಹಬ್ಬುತ್ತದೆ, ಕ್ಲೋರಿನ್ ಬೇಗ ಖರ್ಚಾಗುತ್ತದೆ. ಅದರ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬೇರೆ. ರಕ್ಷಣೆಗೆ ಸಯನ್ಯೂರಿಕ್ ಆಮ್ಲ ಇಲ್ಲದ ಕೊಳದಲ್ಲಿ ಕೆಲವೇ ಗಂಟೆಗಳಲ್ಲಿ ಕ್ಲೋರಿನ್‌ನ ಹೆಚ್ಚು ಪಾಲು ಮಾಯ. ಈ ಆಮ್ಲ 30ರಿಂದ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಇದ್ದರೆ ಸಾಕು. ಜಾಸ್ತಿಯಾದರೆ ಕ್ಲೋರಿನ್ನೇ ಮಂಕಾಗುತ್ತದೆ. ಬೆಳಗ್ಗೆ ಸರಿ ಇದ್ದ ಕ್ಲೋರಿನ್ ಸಂಜೆಗೆ ಸೊನ್ನೆಯಾಗುತ್ತಿದ್ದರೆ ಮೊದಲು ಈ ಆಮ್ಲವನ್ನು ಪರೀಕ್ಷಿಸಿ, ಕ್ಲೋರಿನ್ ಸುರಿಯುತ್ತಾ ಹೋಗಬೇಡಿ.

ಕಾರಂಜಿ ಓಡಿದಷ್ಟೂ ಪಿಎಚ್ ಮೇಲೇರುತ್ತದೆ, ಯಾಕೆಂದರೆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಆವಿಯಾದದ್ದು ಬರೀ ನೀರು, ಸುಣ್ಣದ ಅಂಶ ಕೊಳದಲ್ಲೇ ಉಳಿಯುತ್ತದೆ. ಬಿಸಿ, ಏರಿದ ಪಿಎಚ್, ಗಡಸು ನೀರು ಮೂರೂ ಸೇರಿದರೆ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪಿಎಚ್ ಅನ್ನು 7.2ರಿಂದ 7.8ರೊಳಗೆ ಹಿಡಿದಿಡಿ. ಇನ್ನೊಂದು ಮಾತು: ಮೆದುಳಿಗೆ ಸೋಂಕು ತರುವ ನೇಗ್ಲೇರಿಯಾ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆಯುತ್ತದೆ. ಕ್ಲೋರಿನ್ ಸರಿಯಾಗಿದ್ದ ಕೊಳದಲ್ಲಿ ಅದು ಉಳಿಯುವುದಿಲ್ಲ. ಕ್ಲೋರಿನ್ ಸೊನ್ನೆ ಇದ್ದ ದಿನ ಮಕ್ಕಳನ್ನು ಇಳಿಸಬೇಡಿ.

ನೀರು ಬದಲಿಸಿದರೆ?

ಹತ್ತನೇ ಒಂದು ಪಾಲು ನೀರು ತೆಗೆದು, ಆರು ಡಿಗ್ರಿ ತಣ್ಣಗಿರುವ ಹೊಸ ನೀರು ತುಂಬಿದರೆ ಕೊಳ ಇಳಿಯುವುದು 0.6 ಡಿಗ್ರಿ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಅದೂ ಹೋಗಿರುತ್ತದೆ. 4,800 ಲೀಟರ್ ನೀರು ದಂಡ. ನೆಲದೊಳಗಿನ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕ್ಲೋರಿನ್ ತಾಗಿದ ಕೂಡಲೇ ಕೊಳ ಕಂದು ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಖಾಲಿ ಮಾಡುವ ಯೋಚನೆಯಂತೂ ಬೇಡವೇ ಬೇಡ. ನೆಲದಡಿಯ ನೀರಿನ ಒತ್ತಡಕ್ಕೆ ಖಾಲಿ ಕೊಳದ ತೊಟ್ಟಿಯೇ ಮೇಲೆದ್ದು ಬಿರುಕು ಬಿಡಬಹುದು.

ಕೊನೆಗೂ ಚಿಲ್ಲರ್ ಬೇಕೇ ಬೇಕು ಅಂದರೆ

ಲೆಕ್ಕ ಮಾಡಿ ಕೊಳ್ಳಿ. 12 ಕಿಲೋವ್ಯಾಟ್ ತಣಿಸುವ ಸಾಮರ್ಥ್ಯದ ಚಿಲ್ಲರ್ ನಮ್ಮ 48,000 ಲೀಟರ್ ಕೊಳವನ್ನು ಒಂದು ಡಿಗ್ರಿ ಇಳಿಸಲು ಸುಮಾರು ನಾಲ್ಕು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಅದೂ ಬೇರೆ ಬಿಸಿ ಒಳಗೆ ಬಾರದಿದ್ದರೆ. ದಿನದ 160 ಯೂನಿಟ್ ಬಿಸಿಲನ್ನೆಲ್ಲ ಅದೇ ಹೊರಬೇಕಾದರೆ 13 ಗಂಟೆ ಓಡಬೇಕು. ಅರ್ಧ ನೆರಳು ಮೊದಲು ಆಗಿದ್ದರೆ ಇದರಲ್ಲಿ ಅರ್ಧ ಸಾಕು, ಅಥವಾ ಅರ್ಧ ಗಾತ್ರದ ಯಂತ್ರ ಸಾಕು. ಮಾರುವವರು ಈ ಲೆಕ್ಕವನ್ನು ತಾವಾಗಿ ಹೇಳುವುದು ಕಡಿಮೆ.

ಚಿಲ್ಲರ್ ಹಾಕಿದ ಮೇಲೂ ನೀರು ಇಳಿಯುತ್ತಿಲ್ಲ ಅಂದರೆ ಮೊದಲು ಅದನ್ನು ಇಟ್ಟ ಜಾಗ ನೋಡಿ. ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಇಟ್ಟಿದ್ದರೆ ತಾನು ಊದಿದ ಬಿಸಿ ಗಾಳಿಯನ್ನು ತಾನೇ ಹೀರಿಕೊಳ್ಳುತ್ತಿರುತ್ತದೆ. ಆಮೇಲೆ ಫಿಲ್ಟರಿನ ಒತ್ತಡ ನೋಡಿ, ಕೊಳೆ ಕಟ್ಟಿ ಹರಿವು ಕಡಿಮೆಯಾದರೆ ಚಿಲ್ಲರ್ ತಾನಾಗಿಯೇ ನಿಲ್ಲುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಬೀಳುವುದೇ ಇಲ್ಲ. ನೀರು ತಣ್ಣಗಾದಂತೆ ಆವಿಯಾಗುವುದು ಕಡಿಮೆಯಾಗುತ್ತದೆ, ಹಾಗಾಗಿ ಕೆಳಗೆ ಹೋದಂತೆ ಭಾರವೆಲ್ಲ ಯಂತ್ರದ ಮೇಲೆಯೇ ಬೀಳುತ್ತದೆ. ನೀರು ಒದ್ದೆ ತಾಪಕ್ಕಿಂತ ಕೆಳಗೆ ಇಳಿದರೆ ಆಟವೇ ತಿರುಗುತ್ತದೆ. ಆಗ ಕಾರಂಜಿಯಿಂದ ಹಾರಿದ ಹನಿ ಗಾಳಿಯಿಂದ ಬಿಸಿ ಹೊತ್ತುಕೊಂಡೇ ಕೊಳಕ್ಕೆ ಬೀಳುತ್ತದೆ. ತೇವದ ಊರಿನಲ್ಲಿ ಒದ್ದೆ ತಾಪ 27 ಇರುವಾಗ ಚಿಲ್ಲರ್ ಅನ್ನು 26ಕ್ಕೆ ಇಟ್ಟು, ಕಾರಂಜಿಯನ್ನೂ ಬಿಟ್ಟರೆ ಒಂದು ತಣಿಸುತ್ತದೆ, ಇನ್ನೊಂದು ಕಾಯಿಸುತ್ತದೆ. ಚಿಲ್ಲರ್ 27ಕ್ಕಿಂತ ಕೆಳಗೆ ಇಳಿಸಬೇಕಾದ ದಿನ ಕಾರಂಜಿ ಆಫ್ ಮಾಡಿ, ಜೆಟ್‌ನ ಕಣ್ಣನ್ನು ಮತ್ತೆ ಕೆಳಕ್ಕೆ ತಿರುಗಿಸಿ, ರಾತ್ರಿ ಹೊದಿಕೆ ಹಾಸಿ.